ಆಶ್ರಯ ಮನೆಯೋ, ರೆವಿನ್ಯೂ ಸೈಟಿನ ಮನೆಯೋ, ಹಳೇ ಹೆಂಚಿನ ಮನೆಯೋ? ಶಿವಮೊಗ್ಗದಲ್ಲಿ 20 ಲಕ್ಷದೊಳಗೆ ಮನೆ ಕೊಳ್ಳುವವರ ಪ್ರಶ್ನೋತ್ತರ

ಪ್ರಶ್ನೆ (ಗೋಪಾಳದ ಸದಸ್ಯೆ):

ವಕೀಲ ಸರ್‌ಗೆ ನಮಸ್ಕಾರ. ನಾನು ಮಾಚೇನಹಳ್ಳಿ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮ್ಮನೆಯವರು ಗೂಡ್ಸ್ ಆಟೋ ಓಡಿಸುತ್ತಾರೆ, ಹೆಚ್ಚಾಗಿ ಅಡಿಕೆ ಮಂಡಿಯ ಬಾಡಿಗೆ. ಇಬ್ಬರದೂ ಸೇರಿ ತಿಂಗಳಿಗೆ 32 ಸಾವಿರ ಬರುತ್ತದೆ. ಮನೆ ಬಾಡಿಗೆಗೆ 6 ಸಾವಿರ ಹೋಗುತ್ತದೆ. ಚೀಟಿ ದುಡ್ಡು, ಉಳಿತಾಯ, ಸ್ವಲ್ಪ ಒಡವೆ ಎಲ್ಲ ಸೇರಿ 8 ಲಕ್ಷ ಹೊಂದಿಸಬಹುದು. ಇಬ್ಬರ ಹೆಸರಲ್ಲೂ ಎಲ್ಲೂ ಮನೆ ಇಲ್ಲ.

ಮೂರು ಮನೆ ನೋಡಿದ್ದೇವೆ. ಒಂದು, ಆಶ್ರಯ ಬಡಾವಣೆಯಲ್ಲಿ 20x30ರ ಮನೆ, 12 ಲಕ್ಷ. ಹಕ್ಕುಪತ್ರ ಇದೆ, ಜಿಪಿಎ (ಅಧಿಕಾರ ಪತ್ರ) ಮಾಡಿಕೊಡುತ್ತೇವೆ ಎನ್ನುತ್ತಾರೆ. ಇನ್ನೊಂದು ಊರ ಹೊರಗೆ ರೆವಿನ್ಯೂ ಸೈಟಿನಲ್ಲಿ ಕಟ್ಟಿದ ಹೊಸ ಮನೆ, ಬಿ ಖಾತಾ (ಅನುಮೋದನೆ ಇಲ್ಲದ ಆಸ್ತಿಯ ಖಾತೆ), 17 ಲಕ್ಷ. ಮೂರನೆಯದು ಹೊಸಮನೆ ಕಡೆ ಹಳೇ ಹೆಂಚಿನ ಮನೆ, 20 ಲಕ್ಷ. ಖಾತೆ ದೊಡ್ಡ ಅಣ್ಣನ ಹೆಸರಲ್ಲಿದೆ. ಅಪ್ಪ ತೀರಿಕೊಂಡಿದ್ದಾರೆ. ಇಬ್ಬರು ತಂಗಿಯರು ಮದುವೆಯಾಗಿ ಸಾಗರ, ತೀರ್ಥಹಳ್ಳಿಯಲ್ಲಿದ್ದಾರೆ. ಮುಂದಿನ ರೂಮಿನಲ್ಲಿ ಭೋಗ್ಯಕ್ಕೆ ಒಂದು ಸಂಸಾರ ಇದೆ. ನಮಗೆ ಮೊದಲನೆಯದೇ ಕೈಗೆಟುಕುತ್ತದೆ ಅನಿಸುತ್ತಿದೆ. ಏನು ಮಾಡಲಿ?

ಉತ್ತರ (ವಕೀಲರು):

ನಮಸ್ಕಾರ ಅಮ್ಮ. ಇಷ್ಟು ವಿವರವಾಗಿ ಬರೆದಿದ್ದು ಒಳ್ಳೆಯದಾಯಿತು.

ಈ ದರದ ಮನೆಗಳಲ್ಲಿ ನಾನು ಮೊದಲು ಕೇಳುವುದು, ಇದು ಯಾಕೆ ಅಗ್ಗ ಅಂತ. ಮನೆ ಚಿಕ್ಕದು, ಹಳೆಯದು, ರಸ್ತೆ ಕಿರಿದು, ಬಸ್ ಸ್ಟಾಪ್ ದೂರ ಎಂಬ ಕಾರಣವಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಅದನ್ನೆಲ್ಲ ನಿಧಾನಕ್ಕೆ ಸರಿ ಮಾಡಿಕೊಳ್ಳಬಹುದು, ಇಲ್ಲ ಅಭ್ಯಾಸ ಆಗುತ್ತದೆ. ಕಾಗದದಲ್ಲಿ ಕೊರತೆ ಇರುವುದಕ್ಕೇ ಅಗ್ಗವಾಗಿದ್ದರೆ ಅದು ಅಗ್ಗವಲ್ಲ. ಕೂಲಿ ಮಾಡಿ ಕೂಡಿಸಿದ ದುಡ್ಡು ಇರುವವರಿಗೆ ಎರಡನೇ ಅವಕಾಶ ಸಿಗುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲನೆಯ ಮನೆಯನ್ನು ಬಿಟ್ಟುಬಿಡಿ. ಆಶ್ರಯ ಮನೆ ಸರ್ಕಾರ ಒಬ್ಬ ಫಲಾನುಭವಿಗೆ ಕೊಟ್ಟಿದ್ದು. ಇಷ್ಟು ವರ್ಷ ಪರಭಾರೆ (ಬೇರೆಯವರಿಗೆ ಮಾರಾಟ) ಮಾಡಬಾರದು ಎಂಬ ಷರತ್ತು ಹಕ್ಕುಪತ್ರದಲ್ಲೇ ಬರೆದಿರುತ್ತದೆ, ಓದಿ ನೋಡಿ. ಮಾರುವಂತಿದ್ದರೆ ಅವರು ನೇರವಾಗಿ ಕ್ರಯಪತ್ರವನ್ನೇ ಮಾಡಿಕೊಡುತ್ತಿದ್ದರು, ಅಲ್ವಾ? ಜಿಪಿಎ ಎಂದರೆ ನನ್ನ ಪರವಾಗಿ ನೀನು ಕೆಲಸ ಮಾಡು ಎಂಬ ಅಧಿಕಾರ ಅಷ್ಟೇ. ಜಿಪಿಎ ಮೂಲಕ ಮಾಡಿದ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಸಾಮಾನ್ಯವಾಗಿ ಬರೆದುಕೊಟ್ಟವರು ತೀರಿಕೊಂಡರೆ ಜಿಪಿಎಯೂ ಅಲ್ಲಿಗೆ ಮುಗಿಯಿತು. ಆಮೇಲೆ ಅವರ ಮಕ್ಕಳು ಬಂದು ಮನೆ ಬಿಡಿ ಎಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಛಾಪಾ ಕಾಗದ ಮಾತ್ರ. ಇದಕ್ಕೆ ಬ್ಯಾಂಕ್ ಸಾಲವೂ ಸಿಗುವುದಿಲ್ಲ. 12 ಲಕ್ಷವನ್ನೂ ನೀವೇ ಹೊಂದಿಸಬೇಕು. ನಿಮ್ಮ ಹತ್ತಿರ ಇರುವುದು 8 ಲಕ್ಷ. ಉಳಿದ 4 ಲಕ್ಷಕ್ಕೆ ಕೈಸಾಲ ಮಾಡಿದರೆ ಅದರ ಬಡ್ಡಿ ಏನಾಗುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ರೆವಿನ್ಯೂ ಸೈಟಿನ ಮನೆ ಇದಕ್ಕಿಂತ ವಾಸಿ. ಆದರೆ ಅದನ್ನು ಕೊಳ್ಳಿ ಎಂದು ನಿಮಗೆ ನಾನು ಹೇಳುವುದಿಲ್ಲ. ಹೊಲ ಅಲಿನೇಷನ್ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗದೆ, ನಗರಾಭಿವೃದ್ಧಿ ಪ್ರಾಧಿಕಾರವಾದ ಸೂಡಾದಿಂದ ನಕ್ಷೆ ಮಂಜೂರಾಗದೆ ಸೈಟು ಮಾಡಿ ಮಾರಿದ ಜಾಗ ಅದು. 2024ರ ಸೆಪ್ಟೆಂಬರ್ 10ಕ್ಕಿಂತ ಮುಂಚಿನ ಇಂಥ ಆಸ್ತಿಗಳಿಗೆ ಬಿ ಖಾತಾ ಕೊಡಲು ಸರ್ಕಾರ ಅವಕಾಶ ಮಾಡಿತು. ಅದರಿಂದ ತೆರಿಗೆ ಕಟ್ಟಬಹುದು, ನೋಂದಣಿಯೂ ಆಗುತ್ತದೆ. ಹಾಗಂತ ಬಡಾವಣೆ ಸಕ್ರಮವಾಯಿತು ಎಂದು ತಿಳಿಯಬೇಡಿ. ರಾಷ್ಟ್ರೀಕೃತ ಬ್ಯಾಂಕುಗಳು ಬಿ ಖಾತಾಕ್ಕೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ. ಫೈನಾನ್ಸ್ ಕಂಪನಿಗಳು ಕೊಡುತ್ತವೆ, ಬಡ್ಡಿ ಜಾಸ್ತಿ.

ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ದರಖಾಸ್ತು ಜಮೀನು, ಅಂದರೆ ಸರ್ಕಾರ ಮಂಜೂರು ಮಾಡಿಕೊಟ್ಟ ಜಮೀನು ಬಹಳ. ಆ ಹೊಲ ಹಿಂದೆ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯವಾಗುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟವೇ ಅಸಿಂಧು. 2023ರ ತಿದ್ದುಪಡಿಯಿಂದ, ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಆ ಕಾಯ್ದೆ ಬಂದಿದ್ದು ಬಡವರ ಭೂಮಿ ಉಳಿಸಲು, ಅದು ನ್ಯಾಯವೇ. ಅದಕ್ಕೇ ಸರ್ವೆ ನಂಬರಿನ ಹಳೇ ಪಹಣಿ, ಮಂಜೂರಾತಿ ಆದೇಶ ನೋಡದೆ ಹೊರಬಡಾವಣೆಯ ಯಾವ ಸೈಟಿಗೂ ಮುಂಗಡ ಕೊಡಬೇಡಿ.

ಉಳಿದದ್ದು ಹೆಂಚಿನ ಮನೆ. ನನ್ನ ಒಲವು ಅದರ ಕಡೆಗೇ. ಅದರ ತೊಂದರೆಗಳು ಬಗೆಹರಿಯುವಂಥವು. ಆದರೆ ಬಗೆಹರಿಸಿಕೊಂಡ ಮೇಲೆ ಕೊಳ್ಳಬೇಕು, ಕೊಂಡ ಮೇಲೆ ಬಗೆಹರಿಸಲು ಹೊರಡಬಾರದು.

ಖಾತೆ ದೊಡ್ಡ ಅಣ್ಣನ ಹೆಸರಲ್ಲಿದೆ ಎಂದ ಮಾತ್ರಕ್ಕೆ ಮನೆ ಅವರೊಬ್ಬರದೇ ಅಲ್ಲ. ಖಾತೆ ಇರುವುದು ತೆರಿಗೆಗೆ. ಅಪ್ಪ ಸ್ವಂತ ದುಡ್ಡಿನಲ್ಲಿ ಕೊಂಡು, ವಿಲ್ ಬರೆಯದೆ ತೀರಿಕೊಂಡಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ತೀರಿಕೊಂಡವರ ತಾಯಿ ಬದುಕಿದ್ದರೆ ಅವರಿಗೂ ಪಾಲಿದೆ. ಪಿತ್ರಾರ್ಜಿತ ಆಸ್ತಿಯಾದರೂ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕು. ಆದ್ದರಿಂದ ವಂಶವೃಕ್ಷ ಕೇಳಿ. ಅದರಲ್ಲಿ ಇರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಇಲ್ಲದಿದ್ದರೆ ತಂಗಿಯರು ಮೊದಲೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟಿರಬೇಕು. "ತಂಗಿಯರು ಏನೂ ಕೇಳುವುದಿಲ್ಲ" ಎಂಬ ಮಾತನ್ನು ನಮ್ಮ ಕಚೇರಿಯಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇವೆ. ಕೇಳುವುದಿಲ್ಲ ಎಂದಾದರೆ ಬಂದು ಸಹಿ ಹಾಕಲು ಕಷ್ಟವೇನು? ಆ ಹೆಣ್ಣುಮಕ್ಕಳಿಗೆ ಅವರ ಪಾಲು ಸೇರಬೇಕು ಎನ್ನುವುದೂ ನನಗೆ ಮುಖ್ಯ. ಅವರ ಜೊತೆ ನೀವೇ ಒಮ್ಮೆ ಫೋನಿನಲ್ಲಿ ಮಾತಾಡಿ. ಕುಟುಂಬದಲ್ಲಿ ಯಾರಾದರೂ ತೀರಿಕೊಂಡು ಅವರ ಮಕ್ಕಳು ಮೈನರ್ ಆಗಿದ್ದರೆ ಕೋರ್ಟಿನ ಅನುಮತಿ ಬೇಕಾಗಬಹುದು. ಅದನ್ನೂ ವಿಚಾರಿಸಿ.

ಇ.ಸಿ. (ಋಣಭಾರ ಪ್ರಮಾಣಪತ್ರ) ಕನಿಷ್ಠ 30 ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗದ ಹಳೇ ವರ್ಷಗಳದ್ದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ತೆಗೆದುಕೊಳ್ಳಬೇಕು. ಇ.ಸಿ.ಯಲ್ಲಿ ಏನೂ ಇಲ್ಲ ಎಂದರೆ ಸಾಲ ಇಲ್ಲ ಎಂದು ಮಾತ್ರ ತಿಳಿಯಬೇಡಿ. ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಬರುತ್ತದೆ. ಮೂಲ ಪತ್ರವನ್ನು ಯಾರದೋ ಹತ್ತಿರ ಇಟ್ಟು ತಂದ ಕೈಸಾಲ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಜೆರಾಕ್ಸ್ ನೋಡಿ ಬರಬೇಡಿ, ಅಸಲು ಪತ್ರವನ್ನು ಕೈಯಲ್ಲಿ ಹಿಡಿದು ನೋಡಿ. ಮಾರುವವರ ಹೆಸರಿನಲ್ಲಿ ದಾವೆ ಇದೆಯೇ ಎಂದು ಇ-ಕೋರ್ಟ್ಸ್ ಜಾಲತಾಣದಲ್ಲಿ ದುಡ್ಡು ಕೊಡದೆ ಹುಡುಕಬಹುದು. ದಾವೆ ನಡೆಯುತ್ತಿರುವಾಗ ಕೊಂಡರೆ ಆ ತೀರ್ಪು ನಿಮಗೂ ಅನ್ವಯಿಸುತ್ತದೆ.

ಭೋಗ್ಯವೂ ಹಾಗೆಯೇ. ನಮ್ಮೂರಲ್ಲಿ ಭೋಗ್ಯದ ಕರಾರನ್ನು ಬಹಳ ಜನ ಛಾಪಾ ಕಾಗದದಲ್ಲಿ ಬರೆದು ಬಿಡುತ್ತಾರೆ, ನೋಂದಣಿ ಮಾಡಿಸುವುದಿಲ್ಲ. ಮುಂದಿನ ರೂಮಿನವರನ್ನು ನೇರವಾಗಿ ಮಾತಾಡಿಸಿ. ಎಷ್ಟು ಕೊಟ್ಟಿದ್ದಾರೆ, ಅವಧಿ ಯಾವಾಗ ಮುಗಿಯುತ್ತದೆ ಕೇಳಿ. ಮಾರುವವರಿಗೆ ಆ ದುಡ್ಡು ಹಿಂತಿರುಗಿಸಲು ಕೈಯಲ್ಲಿ ಇಲ್ಲದಿದ್ದರೆ, ನಿಮ್ಮ ಬೆಲೆಯಲ್ಲೇ ಅಷ್ಟನ್ನು ಮುರಿದು ಭೋಗ್ಯದಾರರಿಗೆ ನೇರವಾಗಿ ಚೆಕ್ ಕೊಡಿ. ಕ್ರಯಪತ್ರದಲ್ಲಿ ಅದನ್ನು ಬರೆಸಿ. ನೋಂದಣಿ ದಿನ ರೂಮು ಖಾಲಿಯಾಗಿ ಬೀಗದ ಕೈ ನಿಮ್ಮ ಕೈಗೆ ಬರಬೇಕು.

ಪ್ರಶ್ನೆ (ಅದೇ ಸದಸ್ಯೆ):

ತುಂಬಾ ಧನ್ಯವಾದ ಸರ್. ಆದರೆ 20 ಲಕ್ಷ ನಮ್ಮ ಕೈಲಾಗುತ್ತದಾ? ನಮ್ಮನೆಯವರಿಗೆ ಸಂಬಳದ ಚೀಟಿ ಇಲ್ಲ.

ಉತ್ತರ (ವಕೀಲರು):

ಲೆಕ್ಕ ಹಾಕೋಣ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ 5.6% ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%. ಅಂದರೆ 20 ಲಕ್ಷಕ್ಕೆ 1,52,000 ರೂಪಾಯಿ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ಇದಕ್ಕಿಂತ ಜಾಸ್ತಿ ಇದ್ದರೆ ಆ ದರದ ಮೇಲೆ ಕಟ್ಟಬೇಕು. ಕಡಿಮೆ ಬೆಲೆಯ ಮನೆಗೆ 2%, 3% ಶುಲ್ಕ ಎಂದು ಯಾರೋ ಹೇಳಿದ್ದರೆ, ಅದು ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಕೊಟ್ಟ ರಿಯಾಯಿತಿ. ಈ ಮನೆಗೆ ಬರುವುದಿಲ್ಲ.

14 ಲಕ್ಷ ಸಾಲ ಸಿಕ್ಕರೆ, 8.5% ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 12,150. ಈಗಿನ ಬಾಡಿಗೆಯ ಎರಡರಷ್ಟು. ಕಷ್ಟ, ಆದರೆ ಆಗದ್ದಲ್ಲ. ನಿಮ್ಮ 8 ಲಕ್ಷದಲ್ಲಿ 6 ಲಕ್ಷ ಮನೆಗೆ, ಒಂದೂವರೆ ಲಕ್ಷ ನೋಂದಣಿಗೆ ಹೋದರೆ ರಿಪೇರಿಗೆ ಉಳಿಯುವುದು 50 ಸಾವಿರಕ್ಕೂ ಸ್ವಲ್ಪ ಕಡಿಮೆ. ಇದು ಸಾಲದು. ಹಾಗಾಗಿ ಬೆಲೆ ಇಳಿಸಲು ಗಟ್ಟಿಯಾಗಿ ಕೂತು ಮಾತಾಡಿ. ತಂಗಿಯರ ಸಹಿ, ಭೋಗ್ಯ, ಹಳೇ ಚಾವಣಿ ಎಲ್ಲವೂ ನಿಮಗೆ ಚೌಕಾಸಿಗೆ ಕಾರಣಗಳೇ.

ಸಾಲದ ಅರ್ಜಿಯಲ್ಲಿ ನೀವೇ ಮುಖ್ಯ ಅರ್ಜಿದಾರರಾಗಿ. ನಿಮಗೆ ಸಂಬಳದ ಚೀಟಿ ಇದೆ, ಪಿಎಫ್ ಇದೆ. ಯಜಮಾನರು ಸಹ ಅರ್ಜಿದಾರರಾಗಲಿ. ಅವರ ಬಾಡಿಗೆ ದುಡ್ಡು ಈಗಿನಿಂದಲೇ ಬ್ಯಾಂಕ್ ಖಾತೆಗೆ ಬೀಳುವಂತೆ ನೋಡಿಕೊಳ್ಳಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ.

ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರ ಬಗ್ಗೆಯೂ ಬ್ಯಾಂಕಿನಲ್ಲಿ ಕೇಳಿ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದ, ವರ್ಷಕ್ಕೆ 9 ಲಕ್ಷದೊಳಗೆ ಆದಾಯ ಇರುವ ಕುಟುಂಬಕ್ಕೆ ಇದು. ಮನೆ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಮೊದಲ 8 ಲಕ್ಷ ಸಾಲಕ್ಕೆ 4% ಬಡ್ಡಿ ಸಹಾಯಧನ, ಹೆಚ್ಚೆಂದರೆ 1.80 ಲಕ್ಷ. ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಬರುತ್ತದೆ. ಹಳೇ ಮನೆ ಕೊಳ್ಳುವವರಿಗೂ ಇದೆ. ಮನೆ ನಿಮ್ಮ ಹೆಸರಲ್ಲಿ ಅಥವಾ ಇಬ್ಬರ ಹೆಸರಲ್ಲೂ ಇರಲಿ.

ಸೇರಿಸಿದ್ದು (ಗುಂಪಿನ ಸಿವಿಲ್ ಇಂಜಿನಿಯರ್):

ಅಕ್ಕ, ಹೆಂಚಿನ ಮನೆ ಬಗ್ಗೆ ನನ್ನದೊಂದು ಮಾತು. ಬ್ಯಾಂಕಿನ ಇಂಜಿನಿಯರ್ ಹಳೇ ಕಟ್ಟಡಕ್ಕೆ ಬೆಲೆ ಕಡಿಮೆ ಕಟ್ಟುತ್ತಾರೆ. ಸಾಲ ಸಿಗುವುದು ಆ ಅಂದಾಜಿನ ಮೇಲೆ. ಮುಂಗಡ ಕೊಡುವ ಮುಂಚೆಯೇ ಅಂದಾಜು ಮಾಡಿಸಿದರೆ ಒಳ್ಳೆಯದು.

ಮನೆಯನ್ನು ಮಳೆ ಹಿಡಿದಾಗ ಒಮ್ಮೆ ನೋಡಿ. ಬೇಸಿಗೆಯಲ್ಲಿ ಸುಣ್ಣ ಹೊಡೆದ ಗೋಡೆ ಏನೂ ಹೇಳುವುದಿಲ್ಲ. ನೆಲದಿಂದ ಎಷ್ಟು ಎತ್ತರಕ್ಕೆ ತೇವ ಏರಿದೆ ನೋಡಿ. ಅಟ್ಟ ಹತ್ತಿ ಹೆಂಚು ಹೊತ್ತ ಮರಗಳಾದ ಪಕಾಸಿ, ರೀಪುಗಳನ್ನು ಚಾಕುವಿನಿಂದ ಚುಚ್ಚಿ. ಸಲೀಸಾಗಿ ಒಳಗೆ ಹೋದರೆ ಗೆದ್ದಲು ತಿಂದಿದೆ ಎಂದರ್ಥ. ಹೆಂಚು ಬದಲಿಸುವುದು ಸುಲಭ, ಮರ ಬದಲಿಸುವುದು ದುಬಾರಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ಕುಂಬಾರಗುಂಡಿ, ಇಮಾಂಬಾಡ ಕಡೆ ಮನೆಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. ನಿಮ್ಮ ಓಣಿಯಲ್ಲಿ ಆಗ ಏನಾಗಿತ್ತು ಎಂದು ಎದುರು ಮನೆಯ ಅಜ್ಜಿಯರನ್ನು ಕೇಳಿ. ಬ್ರೋಕರ್ ಹೇಳದ್ದನ್ನು ಅವರು ಹೇಳುತ್ತಾರೆ. ರಾಜಕಾಲುವೆ ಹತ್ತಿರ ಇದೆಯೇ ನೋಡಿ.

ಹಳೇ ಕೇರಿಗಳಲ್ಲಿ ಎರಡು ಮನೆಗೆ ಒಂದೇ ಗೋಡೆ ಇರುತ್ತದೆ. ಮುಂದೆ ನೀವು ಕೆಡವಿ ಆರ್‌ಸಿಸಿ ಹಾಕಲು ಹೊರಟಾಗ ಅದೇ ಜಗಳಕ್ಕೆ ಮೂಲ. ಟೇಪು ಹಿಡಿದು ಅಳೆದು ಪತ್ರದ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಇ-ಖಾತಾದ (ಪಾಲಿಕೆಯ ಡಿಜಿಟಲ್ ಖಾತೆ) ಅಳತೆ ಎರಡಕ್ಕೂ ತಾಳೆ ನೋಡಿ. ಗೋಡೆ ಯಾರದು ಎಂದು ಕ್ರಯಪತ್ರದಲ್ಲಿ ಬರೆಸಿ.

ಪ್ರಶ್ನೆ (ಇನ್ನೊಬ್ಬ ಸದಸ್ಯ):

ಸರ್, ನಾನು ನೋಡಿರುವುದು ಪಂಚಾಯಿತಿ ವ್ಯಾಪ್ತಿಯ ಮನೆ. ಅದಕ್ಕೂ ಇದೇ ಕಾಗದಗಳಾ?

ಉತ್ತರ (ವಕೀಲರು):

ಅಲ್ಲಿ ಇ-ಸ್ವತ್ತು, ಅಂದರೆ ಪಂಚಾಯಿತಿಯ ಡಿಜಿಟಲ್ ಆಸ್ತಿ ದಾಖಲೆ. ನಮೂನೆ 9 ಮತ್ತು 11ಎ ಕೇಳಿ. 11ಬಿ ಮಾತ್ರ ಇದೆ ಎಂದರೆ ಅನುಮೋದನೆ ಇಲ್ಲದ ಆಸ್ತಿ ಎಂದು ತಿಳಿದು, ಮೇಲೆ ರೆವಿನ್ಯೂ ಸೈಟಿಗೆ ಹೇಳಿದ ಎಚ್ಚರಿಕೆ ಪೂರ್ತಿ ಪಾಲಿಸಿ ತಮ್ಮಾ.

ಪ್ರಶ್ನೆ (ಗೋಪಾಳದ ಸದಸ್ಯೆ):

ಸರ್, ಕೊನೆಯ ಪ್ರಶ್ನೆ. ಅಣ್ಣನವರು 5 ಲಕ್ಷ ನಗದು ಕೊಡಿ, ಪತ್ರದಲ್ಲಿ 15 ಲಕ್ಷ ತೋರಿಸೋಣ, ನಿಮಗೂ ಉಳಿತಾಯ ಎನ್ನುತ್ತಿದ್ದಾರೆ.

ಉತ್ತರ (ವಕೀಲರು):

ಒಪ್ಪಬೇಡಿ ಅಮ್ಮ. 5 ಲಕ್ಷಕ್ಕೆ ನಿಮಗೆ ಉಳಿಯುವ ಶುಲ್ಕ 38 ಸಾವಿರ. ಆದರೆ ಪತ್ರದಲ್ಲಿ 15 ಲಕ್ಷ ಇದ್ದರೆ ಬ್ಯಾಂಕ್ 15 ಲಕ್ಷಕ್ಕೆ ತಕ್ಕಂತೆ ಮಾತ್ರ ಸಾಲ ಕೊಡುತ್ತದೆ, 14 ಲಕ್ಷ ಎಲ್ಲಿಂದ ಬರುತ್ತದೆ? ವ್ಯವಹಾರ ಮುರಿದು ಬಿದ್ದರೆ ಆ ನಗದಿಗೆ ಸಾಕ್ಷಿಯೂ ಇರುವುದಿಲ್ಲ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಅಷ್ಟೇ ಮೊತ್ತದ ದಂಡ ಪಡೆದವರಿಗೇ ಬೀಳಬಹುದು ಎಂದು ಅವರಿಗೆ ತಿಳಿಸಿ.

ಮುಂಗಡ ಚೆಕ್ಕಿನಲ್ಲಿ ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ ಕೊಡಿ. ದೊಡ್ಡ ಮೊತ್ತ ಬೇಡ. ಕರಾರು ಪತ್ರವನ್ನು ನೋಂದಣಿ ಮಾಡಿಸಿ, ಆಗ ಅದು ಇ.ಸಿ.ಯಲ್ಲಿ ಬರುತ್ತದೆ, ಅವರು ಇನ್ನೊಬ್ಬರಿಗೆ ಮಾರುವುದು ಕಷ್ಟವಾಗುತ್ತದೆ. ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಅಥವಾ ತಂಗಿಯರು ಸಹಿ ಹಾಕದಿದ್ದರೆ ಮುಂಗಡ ಪೂರ್ತಿ ವಾಪಸ್ ಎಂಬ ಷರತ್ತು ಅದರಲ್ಲಿ ಇರಲೇಬೇಕು. ನೋಂದಣಿಯಾದ ಮೇಲೆ ಪಾಲಿಕೆಯಲ್ಲಿ ಖಾತೆ, ಮೆಸ್ಕಾಂನಲ್ಲಿ ಆರ್.ಆರ್. ನಂಬರು (ಕರೆಂಟ್ ಸಂಪರ್ಕದ ನಂಬರು) ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಇ.ಸಿ., ಮೂಲ ಪತ್ರದ ಪ್ರತಿ, ವಂಶವೃಕ್ಷ, ಇ-ಖಾತಾ ಸಿಕ್ಕ ಮೇಲೆ ಒಮ್ಮೆ ಕಚೇರಿಗೆ ತನ್ನಿ. ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಯಾವುದಕ್ಕೂ ಸಹಿ ಹಾಕಬೇಡಿ.