ಅಪ್‌ಡೇಟ್: ಅಪ್ಪನ ಬಿಪಿ ಏರಿಳಿತ, ಕೊನೆಗೆ ಸಮಸ್ಯೆ ಏನಂತ ಗೊತ್ತಾಯಿತು

ಅಪ್ಪನ ಬಿಪಿ ಬೆಳಿಗ್ಗೆ 160, ಮಧ್ಯಾಹ್ನ 118 ಹೀಗೆ ಏರಿಳಿಯುತ್ತೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಹೊಸ ಮಷೀನ್ ತಂದೆ, ಪ್ರಯೋಜನ ಆಗಲಿಲ್ಲ. 5 ನಿಮಿಷ ಸುಮ್ನೆ ಕೂರಿಸಿ ಅಳೆದರೂ ಅದೇ ಕಥೆ. ಕೈ ಹಿಡಿದದ್ದು 24 ಗಂಟೆ ಬಿಪಿ ಅಳೆಸಿ ಅನ್ನುವ ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ರಾತ್ರಿ ತೋಳಿನ ಪಟ್ಟಿ ಗುರ್ ಅಂತ ಬಿಗಿಯುವಾಗ ಅಪ್ಪನಿಗೆ ಒಂದೆರಡು ಸಲ ಎಚ್ಚರವಾಯಿತು, ಪಾಪ.

ನಿದ್ದೆಯಲ್ಲಿ ಬಿಪಿ ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ಇಳಿಯುತ್ತದಂತೆ. ಅಪ್ಪನದು ಇಳಿದೇ ಇರಲಿಲ್ಲ. ಇಸಿಜಿ ನಾರ್ಮಲ್, ಆದರೆ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಹೃದಯದ ಎಡ ಕೆಳಕೋಣೆಯ ಗೋಡೆ ದಪ್ಪವಾಗಿದ್ದು ಕಾಣಿಸಿತು. ಇಸಿಜಿ ಸರಿ ಇದ್ದರೆ ಸಾಕು ಅಂದುಕೊಂಡಿದ್ದೆ, ಹಾಗಲ್ಲ! ಡಾಕ್ಟರ್ ಮಾತ್ರೆ ಬದಲಾಯಿಸಿದ್ದಾರೆ. 3 ತಿಂಗಳಾದ ಮೇಲೆ ಮತ್ತೆ ಎಕೋ.