ಪ್ರಶ್ನೋತ್ತರ: ಪೂಲ್ ಆಟದಲ್ಲಿ ಉದ್ದನೆಯ ಕ್ಯೂ ಮತ್ತು ಎಕ್ಸ್‌ಟೆನ್ಶನ್ ಯಾರಿಗೆ ಬೇಕು?

ಪ್ರಶ್ನೆ (ಮೈಸೂರಿನ ಸದಸ್ಯರು): ನಮಸ್ಕಾರ ಸರ್. ನನ್ನ ಎತ್ತರ 6 ಅಡಿ 3 ಇಂಚು. 9 ಅಡಿಯ ಟೇಬಲ್ ಮೇಲೆ ಎಲ್ಲರಂತೆ 58 ಇಂಚಿನ ಕ್ಯೂ (ಆಡುವ ಕೋಲು) ಹಿಡಿದು ಆಡುತ್ತೇನೆ. ಪಾಟ್ ಮಾಡುವುದರಲ್ಲಿ (ಚೆಂಡನ್ನು ಜೇಬಿಗೆ ಬೀಳಿಸುವುದರಲ್ಲಿ) ಹೆಚ್ಚು ತೊಂದರೆಯಿಲ್ಲ. ಆದರೆ ಫಾಲೋ ಹೊಡೆತ (ವೈಟ್, ಅಂದರೆ ಬಿಳಿ ಚೆಂಡಿನ ಮೇಲ್ಭಾಗಕ್ಕೆ ಹೊಡೆದು ಅದನ್ನು ಮುಂದಕ್ಕೆ ಉರುಳಿಸುವ ಹೊಡೆತ) ಹೊಡೆದಾಗ ವೈಟ್ ಮುಂದಕ್ಕೆ ಉರುಳದೆ ಗುರಿಯ ಚೆಂಡು ಇದ್ದ ಜಾಗದಲ್ಲೇ ನಿಂತುಬಿಡುತ್ತದೆ. 8 ಇಂಚಿನ ಎಕ್ಸ್‌ಟೆನ್ಶನ್ (ಕ್ಯೂನ ಹಿಂತುದಿಗೆ ಸೇರಿಸುವ ತುಂಡು) ಹಾಕಿಕೊಂಡು ಎಲ್ಲ ಹೊಡೆತಗಳನ್ನೂ ಅದರಲ್ಲೇ ಆಡು ಎಂದು ಜೊತೆಯವರು ಹೇಳುತ್ತಾರೆ. ಹಾಗೆ ಮಾಡಬಹುದೇ, ಅಥವಾ ಉದ್ದನೆಯ ಕ್ಯೂ ಕೊಳ್ಳಬೇಕೇ?

ಉತ್ತರ: ನಮಸ್ಕಾರ. ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಬ್ರಿಡ್ಜ್ ಕೈಯಿಂದ (ಕ್ಯೂನ ಮುಂಭಾಗಕ್ಕೆ ಆಸರೆಯಾಗಿ ಟೇಬಲ್ ಮೇಲೆ ಊರುವ ಕೈ) ವೈಟ್‌ಗೆ 8ರಿಂದ 10 ಇಂಚು ಇರುವಂತೆ ಎಂದಿನ ಭಂಗಿಯಲ್ಲಿ ಬಾಗಿ, ಟಿಪ್ (ಕ್ಯೂನ ಮುಂತುದಿ) ಅನ್ನು ವೈಟ್‌ಗೆ ಇನ್ನೇನು ತಾಗುವಷ್ಟು ಹತ್ತಿರ ತನ್ನಿ. ಆ ಕ್ಷಣದಲ್ಲಿ ಪಕ್ಕದಿಂದ ಯಾರಾದರೂ ಒಂದು ಫೋಟೋ ತೆಗೆಯಲಿ. ಮೊಣಕೈಯಿಂದ ಮುಷ್ಟಿಯವರೆಗಿನ ಭಾಗ ನೆಲಕ್ಕೆ ನೇರವಾಗಿ ಇಳಿದಿದ್ದು, ಮುಷ್ಟಿಯ ಹಿಂದೆ ಎರಡು ಮೂರು ಇಂಚು ಬಟ್ (ಕ್ಯೂನ ಹಿಂಭಾಗ) ಉಳಿದಿದ್ದರೆ ನಿಮ್ಮ ಕ್ಯೂ ನಿಮಗೆ ಸರಿಯಾಗಿದೆ. ಮುಷ್ಟಿ ಬಟ್‌ನ ತುದಿಯ ರಬ್ಬರ್‌ವರೆಗೂ ಹೋಗಿ, ಇನ್ನೂ ಹಿಂದೆ ಹೋಗಲು ಜಾಗವಿಲ್ಲದೆ ಮೊಣಕೈಗಿಂತ ಮುಂದೆಯೇ ಉಳಿದಿದ್ದರೆ ಕ್ಯೂ ನಿಮಗೆ ಗಿಡ್ಡವಾಗಿದೆ.

ನೀವು ಹೇಳಿದ ತೊಂದರೆ ಎರಡನೆಯ ಸ್ಥಿತಿಗೆ ಚೆನ್ನಾಗಿ ಹೊಂದುತ್ತದೆ. ಮೊಣಕೈ ಅಲುಗದೆ ಕೆಳಗಿನ ಕೈ ಮಾತ್ರ ತೂಗುವಾಗ, ಮುಷ್ಟಿ ಮೊಣಕೈಯ ನೇರ ಕೆಳಗೆ ಬರುವವರೆಗೆ ಇಳಿಯುತ್ತದೆ, ಅದನ್ನು ದಾಟಿದ ಮೇಲೆ ಏರುತ್ತದೆ. ಮುಷ್ಟಿ ಆಗಲೇ ಮುಂದಿದ್ದರೆ ಟಿಪ್ ವೈಟ್‌ಗೆ ತಾಗುವುದು ಅದು ಏರುವ ಹೊತ್ತಿನಲ್ಲಿ. ಬ್ರಿಡ್ಜ್ ಕೈಯ ಹಿಂದೆ ಕ್ಯೂ ಏರಿದಷ್ಟೂ ಮುಂದೆ ಟಿಪ್ ಇಳಿಯುತ್ತದೆ. ನೀವು ವೈಟ್‌ನ ನಡುವಿಗಿಂತ ಮೇಲಕ್ಕೆ ಗುರಿಯಿಟ್ಟರೂ ಏಟು ಬೀಳುವುದು ನಡುವಿಗೆ. ಹೀಗಾದಾಗ ಹಲವರು ತಮ್ಮ ಕೈಯನ್ನೇ ದೂಷಿಸಿಕೊಂಡು ಅಭ್ಯಾಸದ ಮೇಲೆ ಅಭ್ಯಾಸ ಮಾಡುತ್ತಾರೆ. ತಪ್ಪು ಕ್ಯೂನ ಅಳತೆಯಲ್ಲಿರುವಾಗ ಆ ಶ್ರಮವೆಲ್ಲ ವ್ಯರ್ಥವಾಗುವುದನ್ನು ನೋಡಲು ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ನಿಮ್ಮಷ್ಟು ಎತ್ತರದವರಿಗೆ ಸಾಮಾನ್ಯವಾಗಿ ಬೇಕಾಗುವುದು ಎರಡು ಮೂರು ಇಂಚು ಮಾತ್ರ, ಎಂಟಲ್ಲ. ಮೊದಲ ದಾರಿಯೆಂದರೆ ಶಾಫ್ಟ್ (ಕ್ಯೂನ ಮುಂದಿನ ತುಂಡು) ಬದಲಿಸುವುದು: ಮಾಮೂಲಿ ಶಾಫ್ಟ್ 29 ಇಂಚು ಇರುತ್ತದೆ, ಕೆಲವು ತಯಾರಕರು 30 ಇಂಚಿನದನ್ನೂ ಮಾಡುತ್ತಾರೆ (ಇದರಿಂದ ಸಿಗುವುದು ಒಂದೇ ಇಂಚು). ಜಾಯಿಂಟ್‌ನ (ಎರಡು ತುಂಡುಗಳು ಸೇರುವ ಕಡೆಯ) ಮರೆ, ಅಂದರೆ ತಿರುಪಿನ ಸುತ್ತು, ಮಾತ್ರ ಹೊಂದಲೇಬೇಕು. 3/8-10, 5/16-14, 5/16-18, ರೇಡಿಯಲ್, ಯೂನಿ-ಲಾಕ್ ಇವೆಲ್ಲ ಬೇರೆ ಬೇರೆ, ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಎರಡನೆಯ ದಾರಿ 60 ಅಥವಾ 61 ಇಂಚಿನ ಕ್ಯೂ ಮಾಡಿಸಿಕೊಳ್ಳುವುದು. ಮೂರನೆಯದು ಬಟ್‌ನ ತುದಿಗೆ ಗಿಡ್ಡ ಎಕ್ಸ್‌ಟೆನ್ಶನ್ ಸೇರಿಸಿ ಅದನ್ನು ತೆಗೆಯದೆ ಆಡುವುದು. ಯು.ಎಸ್. ಓಪನ್ ನೈನ್-ಬಾಲ್ ಪ್ರಶಸ್ತಿಯನ್ನು ಐದು ಬಾರಿ ಗೆದ್ದ ಅರ್ಲ್ ಸ್ಟ್ರಿಕ್ಲ್ಯಾಂಡ್ ಅವರು ನಂತರದ ವರ್ಷಗಳಲ್ಲಿ ಬಹಳ ಉದ್ದನೆಯ ಕ್ಯೂಗೆ ಎಕ್ಸ್‌ಟೆನ್ಶನ್ ಹಾಕಿಕೊಂಡೇ ಆಡಿದ್ದನ್ನು ನೀವು ವಿಡಿಯೋಗಳಲ್ಲಿ ನೋಡಿರಬಹುದು. ಆದರೆ ಅವರ ಕೈಯ ಚಲನೆಯೆಲ್ಲ ಆ ಉದ್ದಕ್ಕೆ ಪಳಗಿದೆ. ಅದನ್ನು ನೋಡಿ ನೇರವಾಗಿ ಎಂಟು ಇಂಚು ಸೇರಿಸಿಕೊಳ್ಳುವುದು ಬೇಡ.

ಪ್ರಶ್ನೆ (ಅದೇ ಸದಸ್ಯರು): ಧನ್ಯವಾದ ಸರ್. ಫೋಟೋ ತೆಗೆಸಿ ನೋಡಿದೆ. ಮುಷ್ಟಿ ರಬ್ಬರ್‌ಗೆ ತಾಗಿಕೊಂಡೇ ಇದೆ, ಮೊಣಕೈಗಿಂತ ಮುಂದಿದೆ. ಸ್ನೇಹಿತರೊಬ್ಬರ 6 ಇಂಚಿನ ಎಕ್ಸ್‌ಟೆನ್ಶನ್ ಹಾಕಿ ಆಡಿದಾಗ ಕ್ಯೂನ ಮುಂಭಾಗ ಹಗುರವಾಗಿ ಎದ್ದಂತೆ ಅನ್ನಿಸಿತು. ಅದು ನನ್ನ ಭ್ರಮೆಯೇ?

ಉತ್ತರ: ಭ್ರಮೆಯಲ್ಲ, ಲೆಕ್ಕ ಹಾಕಿ ತೋರಿಸಬಹುದು. ಕ್ಯೂ 19 ಔನ್ಸ್ ತೂಗುತ್ತದೆ, ಅದರ ತೂಕ ಸಮತೋಲಕ್ಕೆ ಬರುವ ಬಿಂದು ಬಟ್‌ನ ತುದಿಯಿಂದ 18.5 ಇಂಚು ಮುಂದಿದೆ ಎಂದಿಟ್ಟುಕೊಳ್ಳೋಣ. ಅದಕ್ಕೆ 3 ಔನ್ಸ್ ತೂಕದ 6 ಇಂಚಿನ ಎಕ್ಸ್‌ಟೆನ್ಶನ್ ಸೇರಿಸಿದರೆ ಸಮತೋಲ ಬಿಂದು ಸುಮಾರು 3 ಇಂಚು ಹಿಂದಕ್ಕೆ ಸರಿಯುತ್ತದೆ. ನಿಮ್ಮ ಮುಷ್ಟಿ ಮೊದಲಿದ್ದ ಕಡೆಯೇ ಇದ್ದರೆ ಬ್ರಿಡ್ಜ್ ಕೈಯ ಮೇಲೆ ಬೀಳುವ ಭಾರ ಕಡಿಮೆಯಾಗಿ ಮುಂಭಾಗ ಹಗುರವೆನ್ನಿಸುತ್ತದೆ. ಮುಷ್ಟಿಯನ್ನೂ ಪೂರ್ತಿ 6 ಇಂಚು ಹಿಂದಕ್ಕೆ ಒಯ್ದರೆ ಇದೇ ಕ್ಯೂ ಮುಂಭಾರವೆನ್ನಿಸುತ್ತದೆ, ಏಕೆಂದರೆ ಆಗ ಸಮತೋಲ ಬಿಂದು ನಿಮ್ಮ ಮುಷ್ಟಿಯಿಂದ ಮೊದಲಿಗಿಂತ 3 ಇಂಚು ದೂರವಾಗಿರುತ್ತದೆ. ಒಂದೇ ಎಕ್ಸ್‌ಟೆನ್ಶನ್ ಬಗ್ಗೆ ಇಬ್ಬರು ತದ್ವಿರುದ್ಧವಾಗಿ ಹೇಳುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಎಕ್ಸ್‌ಟೆನ್ಶನ್ ಕಾರ್ಬನ್ ಫೈಬರ್‌ನದಾಗಿದ್ದು ಕೇವಲ 1 ಔನ್ಸ್ ತೂಗಿದರೆ ಬಿಂದು ಸರಿಯುವುದು ಸುಮಾರು ಒಂದೇ ಇಂಚು. ಆದ್ದರಿಂದ ಸದಾ ಹಾಕಿಕೊಂಡೇ ಆಡುವುದಾದರೆ ಗಿಡ್ಡದನ್ನೂ ಹಗುರವಾದುದನ್ನೂ ಆರಿಸಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯೆ): ನಮಸ್ಕಾರ ಸರ್. ನನ್ನ ಎತ್ತರ 5 ಅಡಿ. ಟೇಬಲ್‌ನ ನಡುವೆ ನಿಂತ ವೈಟ್ ನನಗೆ ಕಷ್ಟ. ಎಕ್ಸ್‌ಟೆನ್ಶನ್ ಕೊಂಡರೆ ರೆಸ್ಟ್‌ನ (ದೂರದ ಹೊಡೆತದಲ್ಲಿ ಕ್ಯೂಗೆ ಆಸರೆಯಾಗುವ ಉದ್ದ ಹಿಡಿಯ ಸಾಧನ) ಗೊಡವೆ ತಪ್ಪುತ್ತದೆಯೇ? ರೆಸ್ಟ್ ಹಿಡಿದರೆ ನನ್ನ ಆಟವೇ ಕೆಡುತ್ತದೆ.

ಉತ್ತರ: ನಮಸ್ಕಾರ ಮೇಡಂ. ಎಕ್ಸ್‌ಟೆನ್ಶನ್ ಕ್ಯೂನ ಹಿಂಭಾಗವನ್ನು ಉದ್ದ ಮಾಡುತ್ತದೆಯೇ ಹೊರತು ನಿಮ್ಮ ಬ್ರಿಡ್ಜ್ ಕೈಯನ್ನು ಮುಂದಕ್ಕೆ ಒಯ್ಯುವುದಿಲ್ಲ. ಆ ಕೈ ವೈಟ್‌ನ ಹತ್ತಿರ ತಲುಪದಿದ್ದಾಗ, ತಲುಪಿದಲ್ಲಿಯೇ ಊರಿ ಕ್ಯೂ ಅನ್ನು ದೂರ ಚಾಚಬೇಕಾಗುತ್ತದೆ, ಆಗ ಹಿಂದಿನ ಕೈಯ ಸಣ್ಣ ಅಲುಗಾಟವೂ ಟಿಪ್‌ನಲ್ಲಿ ದೊಡ್ಡದಾಗುತ್ತದೆ. ಟಿಪ್‌ನಿಂದ ಮುಷ್ಟಿಯವರೆಗೆ 50 ಇಂಚು, ಅದರಲ್ಲಿ ಬ್ರಿಡ್ಜ್‌ನ ಮುಂದೆ 10 ಇಂಚು ಇದ್ದರೆ ಮುಷ್ಟಿ 1 ಸೆಂ.ಮೀ. ಪಕ್ಕಕ್ಕೆ ಸರಿದಾಗ ಟಿಪ್ 2.5 ಮಿ.ಮೀ. ಸರಿಯುತ್ತದೆ. ಬ್ರಿಡ್ಜ್‌ನ ಮುಂದೆ 18 ಇಂಚು ಚಾಚಿದರೆ ಅದು 5.6 ಮಿ.ಮೀ. ಆಗುತ್ತದೆ. 6 ಇಂಚಿನ ಎಕ್ಸ್‌ಟೆನ್ಶನ್ ಹಾಕಿ ಮುಷ್ಟಿಯನ್ನು ಹಿಂದಕ್ಕೆ ಒಯ್ದರೂ ಇಳಿಯುವುದು 4.7ಕ್ಕೆ ಮಾತ್ರ.

ಹಾಗಾಗಿ ನಿಮ್ಮ ಮಟ್ಟಿಗೆ ರೆಸ್ಟ್ ಮೊದಲು, ಎಕ್ಸ್‌ಟೆನ್ಶನ್ ಆಮೇಲೆ. ರೆಸ್ಟ್‌ನಲ್ಲಿ ಆಟ ಕೆಡುವುದು ಹೆಚ್ಚಾಗಿ ಅದನ್ನು ಗಾಳಿಯಲ್ಲಿ ಹಿಡಿದುಕೊಳ್ಳುವುದರಿಂದ. ಅದರ ಹಿಡಿಯನ್ನು ಟೇಬಲ್ ಮೇಲೆ ಪೂರ್ತಿ ಮಲಗಿಸಿ ಎಡಗೈಯಿಂದ ಅದುಮಿಡಿ, ಗಲ್ಲವನ್ನು ಕ್ಯೂನ ನೇರಕ್ಕೆ ತನ್ನಿ, ಹೊಡೆತವನ್ನು ಗಿಡ್ಡದಾಗಿಯೂ ಮೃದುವಾಗಿಯೂ ಇಟ್ಟುಕೊಳ್ಳಿ. ರೆಸ್ಟ್ ಇಟ್ಟ ಮೇಲೂ ಬಟ್‌ನ ತುದಿ ಟೇಬಲ್ ಒಳಗೇ ಉಳಿದು ಕೈ ಎಟುಕದಿದ್ದರೆ ಎಕ್ಸ್‌ಟೆನ್ಶನ್ ಸೇರಿಸಲು ಅದೇ ಸರಿಯಾದ ಸಂದರ್ಭ. ಬಲಗೈಯವರಿಗೆ ಅಡ್ಡವಾಗುವ, ಕುಶನ್ ಪಕ್ಕದ ಸುಲಭ ಹೊಡೆತಗಳನ್ನು ಎಡಗೈಯಲ್ಲಿ ಆಡಲೂ ಕಲಿಯಿರಿ. ಸ್ನೂಕರ್‌ನಲ್ಲಿ ರಾನಿ ಓ'ಸಲಿವನ್ ಅವರು ಎರಡೂ ಕೈಗಳಲ್ಲಿ ಆಡುವುದು ಎಲ್ಲರಿಗೂ ತಿಳಿದದ್ದೇ. ಟಿಪ್ ವೈಟ್‌ಗೆ ತಾಗುವಾಗ ಒಂದು ಕಾಲಾದರೂ ನೆಲ ಮುಟ್ಟಿರಬೇಕು, ಇಲ್ಲದಿದ್ದರೆ ಫೌಲ್. ಕಾಲ್ಬೆರಳ ತುದಿಯಲ್ಲಿ ನಿಂತು ಟೇಬಲ್ ಮೇಲೆ ಮಲಗುವ ಅಭ್ಯಾಸವನ್ನು ಅದಕ್ಕಾಗಿಯೂ ಬಿಡುವುದು ಒಳ್ಳೆಯದು.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ನಾನು ಸ್ನೂಕರ್‌ನಿಂದ ಪೂಲ್‌ಗೆ ಬಂದವನು. ಅಲ್ಲಿ ಬಟ್‌ಗೆ ತಿರುಗಿಸಿ ಹಾಕುವ ಎಕ್ಸ್‌ಟೆನ್ಶನ್ ಸದಾ ಜೊತೆಯಲ್ಲಿರುತ್ತಿತ್ತು. ಪೂಲ್ ಸ್ಪರ್ಧೆಗಳಲ್ಲಿ ಇದಕ್ಕೆ ಅನುಮತಿ ಇದೆಯೇ? ಡಿಫ್ಲೆಕ್ಷನ್ (ವೈಟ್‌ನ ಬದಿಗೆ ಹೊಡೆದಾಗ ಅದು ಗುರಿಯ ನೇರ ಬಿಟ್ಟು ಸರಿಯುವುದು) ಹೆಚ್ಚುತ್ತದೆಯೇ?

ಉತ್ತರ: ಅನುಮತಿ ಇದೆ. ವಿಶ್ವ ಪೂಲ್ ಸಂಸ್ಥೆಯಾದ ಡಬ್ಲ್ಯುಪಿಎ ನಿಯಮಗಳು ಕ್ಯೂನೊಳಗೇ ಇರುವ ಎಕ್ಸ್‌ಟೆನ್ಶನ್ ಅನ್ನೂ ಹೊರಗಿನಿಂದ ಸೇರಿಸುವುದನ್ನೂ ಒಪ್ಪುತ್ತವೆ, ಒಂದು ಹೊಡೆತಕ್ಕೆ ಎರಡು ರೆಸ್ಟ್‌ಗಳವರೆಗೆ ಬಳಸಲೂ ಬಿಡುತ್ತವೆ. ಕ್ಯೂ ಕನಿಷ್ಠ 40 ಇಂಚು ಇರಬೇಕು, ಗರಿಷ್ಠ ಉದ್ದಕ್ಕೆ ಮಿತಿಯಿಲ್ಲ. ತೂಕದ ಮಿತಿ 25 ಔನ್ಸ್. ಎಕ್ಸ್‌ಟೆನ್ಶನ್ ಸೇರಿಸಿಯೂ ಅದರೊಳಗೆ ಇಟ್ಟುಕೊಳ್ಳುವುದು ಕ್ಷೇಮ. ಡಿಫ್ಲೆಕ್ಷನ್ ಅನ್ನು ನಿರ್ಧರಿಸುವುದು ಟಿಪ್‌ನ ಹಿಂದಿನ ಕೆಲವೇ ಇಂಚುಗಳ ತೂಕ, ಬಟ್‌ನ ಹಿಂದೆ ಏನು ಸೇರಿಸಿದರೂ ಅದು ಬದಲಾಗುವುದಿಲ್ಲ.

ನಿಮ್ಮ ಪೂಲ್ ಕ್ಯೂನಲ್ಲಿ ಮರೆ ಇಲ್ಲದಿದ್ದರೆ ಸಿಕ್ಕವರ ಕೈಯಲ್ಲಿ ಕೊರೆಸಬೇಡಿ. ಅನೇಕ ಕ್ಯೂಗಳಲ್ಲಿ ರಬ್ಬರ್‌ನ ಹಿಂದೆ ತೂಕದ ಬೋಲ್ಟ್ ಕೂತಿರುತ್ತದೆ, ರಂಧ್ರ ಕೂದಲೆಳೆಯಷ್ಟು ಓರೆಯಾದರೂ ಎಕ್ಸ್‌ಟೆನ್ಶನ್ ಓರೆಯಾಗಿಯೇ ನಿಲ್ಲುತ್ತದೆ. ಹೊರಗಿನಿಂದ ತೊಡಿಸುವ ರಬ್ಬರ್ ಒಳಪದರದ ಎಕ್ಸ್‌ಟೆನ್ಶನ್ ಆಗ ಉತ್ತಮ, ಬಟ್‌ನ ದಪ್ಪವನ್ನು ಅಳೆದು ತನ್ನಿ. ತೊಡಿಸಿದ ಮೇಲೆ ಕ್ಯೂ ಅನ್ನು ಅಂಗೈಗೆ ಮೆಲ್ಲಗೆ ತಟ್ಟಿ ನೋಡಿ. ಟಕಟಕ ಸದ್ದು ಬಂದರೆ ಅದು ಸಡಿಲವಾಗಿದೆ, ಆ ಸಡಿಲ ಪ್ರತಿ ಹೊಡೆತದಲ್ಲೂ ಕೈಗೆ ಗೊತ್ತಾಗುತ್ತದೆ.

ಪ್ರಶ್ನೆ (ಮೈಸೂರಿನ ಸದಸ್ಯರು): ಕೊನೆಯದಾಗಿ ಸರ್, ನಮ್ಮ ಕ್ಲಬ್‌ನ ಕೋಣೆ ಇಕ್ಕಟ್ಟು. 61 ಇಂಚಿನ ಕ್ಯೂಗೆ ಎಷ್ಟು ಜಾಗ ಬೇಕಾಗುತ್ತದೆ?

ಉತ್ತರ: 9 ಅಡಿಯ ಟೇಬಲ್‌ನ ಆಟದ ಅಂಗಳ 100 ಇಂಚು ಉದ್ದ, 50 ಇಂಚು ಅಗಲ. ಎರಡೂ ಬದಿಗೆ ಒಂದೊಂದು ಕ್ಯೂ ಉದ್ದ ಸೇರಿಸಿದರೆ 61 ಇಂಚಿನ ಕ್ಯೂಗೆ ಕೋಣೆ 222 ಇಂಚು ಉದ್ದ, 172 ಇಂಚು ಅಗಲವಿರಬೇಕು, ಅಂದರೆ 18 ಅಡಿ 6 ಇಂಚು ಮತ್ತು 14 ಅಡಿ 4 ಇಂಚು. ಕೈಯನ್ನು ಹಿಂದಕ್ಕೆಳೆಯಲು ಎರಡೂ ಬದಿಗೆ ಇನ್ನೂ 6 ಇಂಚು ಬಿಟ್ಟರೆ ನೆಮ್ಮದಿ. ಅಷ್ಟು ಜಾಗವಿಲ್ಲದಿದ್ದರೆ ನಿಮಗೆ 61 ಇಂಚಿನ ಒಂದೇ ಕ್ಯೂಗಿಂತ, ಗೋಡೆಯ ಬದಿಯ ಹೊಡೆತಕ್ಕೆ ಬಿಚ್ಚಿಡಬಹುದಾದ 3 ಇಂಚಿನ ಎಕ್ಸ್‌ಟೆನ್ಶನ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.