ಶಾಂಘೈ ಹತ್ತಿರ ಊಟ, ಇತಿಹಾಸ, ಹಳೆಯ ಕಥೆ ಮೂರೂ ಸಿಗುವ ಊರು ಯಾವುದು?

ಪ್ರಶ್ನೆ: ಆಫೀಸ್ ಕೆಲಸಕ್ಕೆ ಶಾಂಘೈಗೆ ಹೋಗುತ್ತಿದ್ದೇನೆ, ಅಮ್ಮನೂ ಬರುತ್ತಾರೆ. ವಾರಾಂತ್ಯ ಬಿಡುವಿದೆ. ಮಾಲ್ ಸುತ್ತುವುದು ಬೇಡ. ನಾನು ಎಲ್ಲಾ ತಿನ್ನುತ್ತೇನೆ, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಎಲ್ಲಿಗೆ ಹೋಗಲಿ?

ಉತ್ತರ 1: ಹಾಂಗ್‌ಝೌ. ಫಾಸ್ಟ್ ಟ್ರೇನಿನಲ್ಲಿ ಸುಮಾರು ಒಂದು ಗಂಟೆ. ಬೆಳಿಗ್ಗೆ ಯೌಟಿಯಾವ್ ತಿನ್ನಿ. ಎಣ್ಣೆಯಲ್ಲಿ ಕರಿದ ಉದ್ದನೆಯ ಮೈದಾ ತಿಂಡಿ, ಎರಡು ಎಳೆ ಅಂಟಿಕೊಂಡಿರುತ್ತವೆ. ಒಂದು ಎಳೆ ಮಂತ್ರಿ ಚಿನ್ ಹುಯಿ, ಇನ್ನೊಂದು ಅವನ ಹೆಂಡತಿ ಅಂತ ಜನ ಹೇಳುತ್ತಾರೆ. ಸೇನಾಪತಿ ಯುವೆ ಫೇ ಮೇಲೆ ಸುಳ್ಳು ಆರೋಪ ಹೊರಿಸಿ 1142ರಲ್ಲಿ ಕೊಲ್ಲಿಸಿದವನು ಈ ಮಂತ್ರಿ. ಸಿಟ್ಟಿಗೆದ್ದ ಜನ ಹಿಟ್ಟಿನಲ್ಲಿ ಗಂಡ ಹೆಂಡತಿಯನ್ನು ಮಾಡಿ ಕುದಿಯುವ ಎಣ್ಣೆಗೆ ಹಾಕಿದರಂತೆ! ತಿಂದು ಸೀದಾ ವೆಸ್ಟ್ ಲೇಕ್ ಪಕ್ಕದ ಯುವೆ ಫೇ ಗುಡಿಗೆ ನಡೆಯಿರಿ. ಸಮಾಧಿಯ ಮುಂದೆ ಅವರಿಬ್ಬರ ಕಬ್ಬಿಣದ ಮೂರ್ತಿಗಳು ಮಂಡಿಯೂರಿ ಕೂತಿವೆ, ಜೊತೆಗೆ ಪಿತೂರಿಯಲ್ಲಿದ್ದ ಇನ್ನಿಬ್ಬರು. ಹಿಂದೆಲ್ಲ ಬಂದವರು ಆ ಮೂರ್ತಿಗಳ ಮೇಲೆ ಉಗಿದೇ ಹೋಗುತ್ತಿದ್ದರು.

ಉತ್ತರ 2: ಅಮ್ಮನ ಊಟದ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ಸುಮ್ನೆ ಮಾಂಸ ಬೇಡ ಅಂದರೆ ಸಾಲದು. ತುಂಡು ತೆಗೆದು ಹಂದಿ ಸಾರಿನಲ್ಲೇ ನೂಡಲ್ಸ್ ಕೊಟ್ಟುಬಿಡುತ್ತಾರೆ. ಸಾರು, ಕೊಬ್ಬು, ಮೊಟ್ಟೆ ಯಾವುದೂ ಬೇಡ ಅಂತ ಚೀನೀ ಲಿಪಿಯಲ್ಲಿ ಫೋನಿನಲ್ಲಿಟ್ಟುಕೊಂಡು ತೋರಿಸಿ. ಯೌಟಿಯಾವ್‌ಗೂ ಕೆಲವರು ಮೊಟ್ಟೆ ಹಾಕುತ್ತಾರೆ, ಕೇಳಿಕೊಳ್ಳಿ. ನಿಶ್ಚಿಂತೆ ಬೇಕಿದ್ದರೆ ಲಿಂಗ್‌ಯಿನ್ ದೇವಸ್ಥಾನದ ಕಡೆ ಬೌದ್ಧರ ಸಸ್ಯಾಹಾರಿ ಊಟ ಮಾಡಿ. ಆ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ನಮ್ಮ ಮಠದ ಊಟದ ಹಾಗೆ. 328ರ ಸುಮಾರಿಗೆ ಆ ದೇವಸ್ಥಾನ ಶುರುಮಾಡಿದ್ದು ಭಾರತದಿಂದ ಬಂದ ಭಿಕ್ಷು ಅಂತ ಪ್ರತೀತಿ. ಅವರ ಹೆಸರು ಹುಯಿಲಿ. ಎದುರಿನ ಗುಡ್ಡ ನೋಡಿ, 'ಇದು ನಮ್ಮ ಮಗಧದ ಗೃಧ್ರಕೂಟ, ಇಲ್ಲಿಗೆ ಯಾವಾಗ ಹಾರಿ ಬಂತು?' ಅಂದರಂತೆ. ಇವತ್ತಿಗೂ ಅದರ ಹೆಸರು 'ಹಾರಿ ಬಂದ ಗುಡ್ಡ' ಅಂತಲೇ. ಬಂಡೆಯಲ್ಲಿ ಕೆತ್ತಿದ ಡೊಳ್ಳುಹೊಟ್ಟೆಯ ನಗುವ ಬುದ್ಧನನ್ನು ನೋಡದೆ ಬರಬೇಡಿ.

ಉತ್ತರ 3: ಲೇಫೆಂಗ್ ಗೋಪುರವನ್ನೂ ಸೇರಿಸಿ. ಮನುಷ್ಯನನ್ನು ಮದುವೆಯಾದ ಬಿಳಿ ಹಾವನ್ನು ಅದರಡಿ ಬಂಧಿಸಿದ್ದರು ಅನ್ನೋ ಕಥೆ. ಅದರ ಇಟ್ಟಿಗೆಗೆ ಶಕ್ತಿ ಇದೆ ಅಂತ ಜನ ಕಿತ್ತು ಕಿತ್ತು ಒಯ್ದರು. 1924ರಲ್ಲಿ ಗೋಪುರ ಕುಸಿದೇ ಬಿತ್ತು. ಈಗಿನದು 2002ರದ್ದು. ಎಸ್ಕಲೇಟರ್ ಇದೆ, ಅಮ್ಮನಿಗೆ ಕಷ್ಟವಾಗದು.

ಉತ್ತರ 4: ನಿಮಗಾದರೆ ದೊಂಗ್‌ಪೊ ಹಂದಿಮಾಂಸ. 1089ರಲ್ಲಿ ಅಧಿಕಾರಿಯಾಗಿ ಬಂದ ಕವಿ ಸು ದೊಂಗ್‌ಪೊ ವೆಸ್ಟ್ ಲೇಕ್ ಸರೋವರದ ಹೂಳೆತ್ತಿಸಿ, ಅದೇ ಹೂಳಿನಿಂದ ಏರಿ ಕಟ್ಟಿಸಿದ. ಜನ ಖುಷಿಯಿಂದ ತಂದುಕೊಟ್ಟ ಮಾಂಸ ಬೇಯಿಸಿ ಕೆಲಸಗಾರರಿಗೇ ಹಂಚಿದ ಅಂತ ಕಥೆ. ಆ ಏರಿಯ ಮೇಲೆ ಬೆಳಿಗ್ಗೆ ಬೇಗ ನಡೆಯಿರಿ. ಅಲ್ಲಿನ ಹೆಸರಾಂತ ವಿನೆಗರ್ ಮೀನು ಮಾತ್ರ ನನಗೆ ಸೇರಲಿಲ್ಲ, ಮಣ್ಣಿನ ವಾಸನೆ. ಅಕ್ಟೋಬರ್ ಮೊದಲ ವಾರವಾದರೆ ಹೋಗಲೇಬೇಡಿ. ಅವರ ರಾಷ್ಟ್ರೀಯ ರಜೆ, ಜನಜಾತ್ರೆ.